ಊರು ಬಿಟ್ಟವಳು

ಆ ಊರಿನವರು ತಪಸ್ಸುಕಾಲದಲ್ಲಿ ಮಾಂಸ ಬಿಡುತ್ತಿರಲಿಲ್ಲ, ಮನುಷ್ಯರನ್ನು ಬಿಡುತ್ತಿದ್ದರು.

ಬೂದಿ ಬುಧವಾರದ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಊರೆಲ್ಲ ಚರ್ಚಿನ ಅಂಗಳದಲ್ಲಿ ಸೇರುತ್ತಿತ್ತು. ಸೇರಿ ಒಬ್ಬರನ್ನು ಆರಿಸುತ್ತಿತ್ತು. ಆರಿಸಿದವರ ಎದುರು ನಿಂತು ಎಲ್ಲರೂ, "ನೀನಿಲ್ಲದೆ ನಾವು ಬದುಕಲಾರೆವು" ಎನ್ನುತ್ತಿದ್ದರು. ಅಂದು, ಮುಖ ತಿರುಗಿಸುತ್ತಿದ್ದರು. ಆ ಗಳಿಗೆಯಿಂದ ನಲವತ್ತು ದಿನದ ತಪಸ್ಸುಕಾಲ ಮುಗಿದು, ಸತ್ತ ಯೇಸು ಎದ್ದುಬಂದ ಪಾಸ್ಕ ಹಬ್ಬದ ಬೆಳಗಿನವರೆಗೆ ಆ ಮನುಷ್ಯ ಊರಿನ ಪಾಲಿಗೆ ಸತ್ತಂತೆ. ಅವನನ್ನು ಯಾರೂ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ. ಅವನು ಆಡಿದ್ದು ಯಾರ ಕಿವಿಗೂ ಬೀಳುವಂತಿಲ್ಲ. ಸಮಾಧಿ ನೆಲದ ತುದಿಯಲ್ಲಿ ಒಂದು ಗುಡಿಸಲಿತ್ತು, ಅವನು ಅಲ್ಲಿ ಇದ್ದುಕೊಳ್ಳಬೇಕು. ಮನೆಯವರು ಯಾರಾದರೂ ಕತ್ತಲಲ್ಲಿ ಕದ್ದು ಇಟ್ಟುಹೋದರೆ ಊಟ, ಇಲ್ಲದಿದ್ದರೆ ಇಲ್ಲ. ಹಬ್ಬದ ಬೆಳಗ್ಗೆ ಊರು ಮೇಣದ ಬತ್ತಿ ಹಿಡಿದು ಹೋಗಿ, ಅವನಿಗೆ ಬಿಳಿ ಬಟ್ಟೆ ಉಡಿಸಿ, "ಎದ್ದಿದ್ದಾನೆ, ಎದ್ದಿದ್ದಾನೆ" ಎಂದು ಹಾಡುತ್ತ ಕರೆತರುತ್ತಿತ್ತು. ಆಮೇಲೆ ಊಟ. ಎದ್ದವನು ಬಂದು ಪಂಕ್ತಿಯಲ್ಲಿ ಕೂರದೆ ಯಾರೂ ತುತ್ತು ಎತ್ತುವಂತಿರಲಿಲ್ಲ.

ಈ ನೇಮ ಹಾಕಿದ ಮೊದಲ ಗುರುಗಳ ಮನಸ್ಸಿನಲ್ಲಿ ಬೇರೇನೋ ಇತ್ತು. ನಿಮಗೆ ತೀರ ಬೇಕಾದವರನ್ನು ಬಿಟ್ಟು ನೋಡಿ, ಆಗ ಗೊತ್ತಾಗುತ್ತದೆ ಅಂದಿದ್ದರಂತೆ. ಮೊದಲ ವರ್ಷ ಊರು ತನ್ನ ಹಾಡುಗಾರನನ್ನು ಬಿಟ್ಟಿತು. ಮರುವರ್ಷ ಸೂಲಗಿತ್ತಿಯನ್ನು ಬಿಟ್ಟಿತು. ಆ ವರ್ಷಗಳಲ್ಲಿ ಜನ ನಿಜವಾಗಿ ಅತ್ತರು, ಹಬ್ಬದ ಬೆಳಗ್ಗೆ ಗುಡಿಸಲಿಗೆ ಓಡಿಕೊಂಡು ಹೋದರು. ಆದರೆ ಬೇಕಾದವರನ್ನು ಬಿಡುವುದು ಕಷ್ಟದ ಕೆಲಸ. ಊರು ಜಾಣ ಊರು, ಬೇಗ ದಾರಿ ಕಂಡುಕೊಂಡಿತು. ಕುಂಟನನ್ನು ಬಿಟ್ಟಿತು. ಕುಡುಕನನ್ನು ಬಿಟ್ಟಿತು. ಬಾಯಿ ಜೋರಿನ ಅತ್ತೆಯನ್ನು ಬಿಟ್ಟಿತು. ಹೇಳುವ ಮಾತು ಮಾತ್ರ ಬದಲಾಗಲಿಲ್ಲ. ಕುಡುಕನ ಮುಂದೆಯೂ ಸಾಲಾಗಿ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, ನೀನಿಲ್ಲದೆ ನಾವು ಬದುಕಲಾರೆವು ಎಂದರು. ಅವನು ನಂಬಿದ. ಗುಡಿಸಲಿನಲ್ಲಿ ಕೂತು ಸಂತೋಷಕ್ಕೆ ಅತ್ತ.

ಹಿಂದೆ ಮುಂದೆ ಯಾರೂ ಇಲ್ಲದ, ಸುಣ್ಣ ಸುಡುವ ಅರುಳಪ್ಪನನ್ನು ಬಿಟ್ಟಿದ್ದು ಅವನ ಕೆಮ್ಮಿಗಾಗಿ. ಪ್ರಸಂಗದ ನಡುವೆ ಕೆಮ್ಮುತ್ತಿದ್ದ. ಗುರುಗಳ ಒಳ್ಳೊಳ್ಳೆಯ ಮಾತುಗಳೆಲ್ಲ ಆ ಕೆಮ್ಮಿನಲ್ಲಿ ಕೊಚ್ಚಿಹೋಗುತ್ತಿದ್ದವು. ಮುದುಕ ಗುಡಿಸಲಿಗೆ ನಡೆದ. ಕೆಲವು ದಿನ ಸಮಾಧಿಗಳ ಕಡೆಯಿಂದ ಕೆಮ್ಮು ಕೇಳುತ್ತಿತ್ತು, ಆಮೇಲೆ ನಿಂತಿತು. ಪೂಜೆ ಈಗ ಎಷ್ಟು ಪ್ರಶಾಂತವಾಗಿದೆ ಎಂದು ಜನ ಮಾತಾಡಿಕೊಂಡರು.

ಹಬ್ಬದ ಬೆಳಗ್ಗೆ ಬತ್ತಿ ಹಿಡಿದು ಹೋದಾಗ ಅರುಳಪ್ಪ ತಣ್ಣಗಾಗಿ ಬಹಳ ದಿನವಾಗಿತ್ತು. ಊರಿನ ದೊಡ್ಡ ಹಿರಿಯ ಬಾಗಿಲಲ್ಲಿ ಒಂದು ಕ್ಷಣ ನಿಂತ. ಹಿಂದೆ ಊರೆಲ್ಲ ಹಾಡಲು ಬಾಯಿ ತೆರೆದು ಕಾಯುತ್ತಿತ್ತು. ಮನೆಗಳಲ್ಲಿ ಕುರಿ ಮಾಂಸದ ಹಂಡೆಗಳು ಒಲೆಯ ಮೇಲಿದ್ದವು. ಅವನು ಒಳಗೆ ಹೋಗಿ ಬಿಳಿ ಬಟ್ಟೆ ಉಡಿಸಿದ, ಕುರ್ಚಿಗೆ ಕೂರಿಸಿ ನಡುವಿಗೆ ಶಲ್ಯ ಬಿಗಿದ. ನಾಲ್ವರು ಕುರ್ಚಿ ಎತ್ತಿದರು. "ಎದ್ದಿದ್ದಾನೆ" ಎಂದು ಊರು ಹಾಡಿತು. ಪಂಕ್ತಿಯ ಮೊದಲಿನಲ್ಲಿ ಅರುಳಪ್ಪನ ಕುರ್ಚಿ ಇಟ್ಟು ಎಲೆ ಹಾಕಿದರು. ಅನ್ನ ಬಡಿಸಿದರು, ಸಾರು ಬಡಿಸಿದರು. ನೊಣ ಮುತ್ತಿದವು. ಜನ ಉಂಡರು.

ಪಂಕ್ತಿಯಲ್ಲಿ ಒಬ್ಬ ಹೆಂಗಸು ಮಾತ್ರ ಎಲೆಗೆ ಕೈ ಹಾಕಲಿಲ್ಲ. ಅವಳು ಚೌರಮ್ಮ. ಪೊರಕೆ ಕಟ್ಟಿ ಮಾರುತ್ತಿದ್ದ ವಿಧವೆ; ಆ ಊರಿನ ಕಸವೆಲ್ಲ ಅವಳು ಕಟ್ಟಿದ ಪೊರಕೆಯಲ್ಲೇ ಬಾಗಿಲು ದಾಟುತ್ತಿತ್ತು.

"ಅರುಳಪ್ಪಣ್ಣ ಸತ್ತಿದ್ದಾರೆ," ಎಂದಳು. "ಹಸಿದು ಸತ್ತಿದ್ದಾರೆ."

"ಊಟದ ಹೊತ್ತಲ್ಲಿ ಎಂಥ ಮಾತು," ಎಂದಳು ಪಕ್ಕದವಳು, ಮೂಳೆ ಚೀಪುತ್ತ.

ಸಂಜೆ ಅವನನ್ನು ಕುರ್ಚಿಯಿಂದ ಬಿಚ್ಚಿ ಗುಡಿಸಲಿನ ಹಿಂದೆ ಮಣ್ಣು ಮಾಡಿದರು. ಶಿಲುಬೆ ನೆಡಲಿಲ್ಲ. ಎದ್ದವನಿಗೆ ಸಮಾಧಿ ಎಲ್ಲಿಂದ ಬರಬೇಕು?

ಪಂಕ್ತಿಯಲ್ಲಿ ಚೌರಮ್ಮ ಆಡಿದ ಮಾತು ಊರಿಗೆ ನೆನಪಿತ್ತು. ಅದಕ್ಕೇ ಮುಂದಿನ ಬೂದಿ ಬುಧವಾರ ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಚೌರಮ್ಮ, ಮುಂದೆ ಬಾರಮ್ಮ," ಎಂದ ದೊಡ್ಡ ಹಿರಿಯ.

"ನಾನ್ಯಾಕೆ?"

"ಪ್ರೀತಿ ಕಣಮ್ಮ. ನಿನ್ನಷ್ಟು ಬೇಕಾದವರು ನಮಗೆ ಇನ್ಯಾರಿದ್ದಾರೆ?"

"ಹೋದ ವರ್ಷ ಅರುಳಪ್ಪಣ್ಣ ಬೇಕಾಗಿದ್ರು."

ಗುರುಗಳು ಬೂದಿಯ ತಟ್ಟೆಯನ್ನೇ ನೋಡುತ್ತಿದ್ದರು. ಅವರು ಮೆತ್ತನೆಯ ಮನುಷ್ಯ. ಪೂಜೆ ಯಾವಾಗ ಮುಗಿಸಬೇಕು ಎಂಬುದನ್ನೂ ಹಿರಿಯನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಚೌರಮ್ಮ ಅವರ ಕಡೆ ತಿರುಗಿದಳು.

"ಸ್ವಾಮಿ, ನೀವು ಹೇಳಿ. ಇದು ಸರಿಯಾ?"

"ಊರಿನ ಭಕ್ತಿ ದೊಡ್ಡದು, ತಾಯಿ," ಎಂದರು ಗುರುಗಳು ತಟ್ಟೆಗೆ.

"ಆಗಲಿ. ಆದರೆ ಗುಂಪಾಗಿ ಹೇಳಬೇಡಿ. ಒಬ್ಬೊಬ್ಬರಾಗಿ ಬಂದು, ನನ್ನ ಮುಖ ನೋಡಿ ಹೇಳಿ."

ಬಂದರು. ಒಬ್ಬೊಬ್ಬರಾಗಿ ಬಂದು, ಮುಖ ನೋಡಿಯೇ ಹೇಳಿದರು. ಸುಳ್ಳು ಹೇಳುವಾಗ ಕಣ್ಣು ತಪ್ಪಿಸಬೇಕೆಂಬ ಸಂಕೋಚ ಆ ಊರಿನಲ್ಲಿ ಯಾವತ್ತೋ ಹೋಗಿತ್ತು. ಹಿರಿಯ ಹೇಳಿದ. ಹಿರಿಯನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು. ಕೊನೆಯಲ್ಲಿ ಬ್ರಿಜಿತಮ್ಮ ಬಂದಳು. ಇಬ್ಬರದೂ ಒಂದೇ ಗೋಡೆಯ ಮನೆ. ಒಬ್ಬಳು ಒಲೆ ಹಚ್ಚಿದರೆ ಇನ್ನೊಬ್ಬಳು ಕೆಂಡ ಕೇಳಿ ತರುತ್ತಿದ್ದಳು. ಬ್ರಿಜಿತಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ನೀನಿಲ್ಲದೆ ನಾವು ಬದುಕಲಾರೆವು," ಎಂದಳು. ಆ ದಿನ ಆ ಅಂಗಳದಲ್ಲಿ ಆ ಮಾತನ್ನು ನಿಜವಾಗಿ ಆಡಿದವಳು ಅವಳೊಬ್ಬಳೇ. ಆಡಿದ ಮೇಲೆ ಉಳಿದವರ ಹಾಗೆಯೇ ಮುಖ ತಿರುಗಿಸಿದಳು.

ಗುಡಿಸಲಿನಲ್ಲಿ ಒಂದು ಮಡಕೆ, ಒಂದು ಚಾಪೆ ಇದ್ದವು. ಮೊದಲ ಕೆಲವು ದಿನ ಚೌರಮ್ಮ ನೀರು ಕುಡಿದು ಮಲಗಿದಳು. ಗುಡಿಸಲಿನ ಮಣ್ಣಿನ ಗೋಡೆಯಲ್ಲಿ ಒಂದು ಕಡೆ ಉಗುರಿನಿಂದ ಕೆರೆದ ಗುರುತಿತ್ತು. ಅರುಳಪ್ಪ ಮಣ್ಣು ತಿಂದಿದ್ದ. ಅದನ್ನು ನೋಡಿದ ಮೇಲೆ ಅವಳು ಎದ್ದು, ಸೆರಗು ಬಿಗಿದು, ನೇರ ಊರೊಳಗೆ ನಡೆದಳು.

ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ನೋಡಬೇಕಾಗುತ್ತಿತ್ತು. ಅವಳು ದೊಡ್ಡ ಹಿರಿಯನ ಮನೆಗೆ ಹೋದಳು. ಹಿತ್ತಲ ಬಾಗಿಲು ಹಾಕಿಕೊಂಡು ಅವನು ಕೋಳಿ ಸಾರು ಉಣ್ಣುತ್ತಿದ್ದ. ಹಣೆಯ ಮೇಲೆ ಬೂದಿಯ ಗುರುತನ್ನು ದಿನಾ ಹೊಸದಾಗಿ ತೀಡಿಕೊಳ್ಳುತ್ತಿದ್ದ. ಚೌರಮ್ಮ ಅವನೆದುರು ಕೂತು, ಅವನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಹಿರಿಯನ ಕೈ ಗಾಳಿಯಲ್ಲಿ ನಿಂತಿತು. ಅವನು ಗೋಡೆ ನೋಡಿದ. ಅವನ ಹೆಂಡತಿ ಸೂರು ನೋಡಿದಳು. ಚೌರಮ್ಮ ನಿಧಾನವಾಗಿ ಉಂಡು, ಕೈ ತೊಳೆದು, "ಖಾರ ಚೆನ್ನಾಗಿದೆ" ಎಂದು ಹೇಳಿ ಹೊರಟಳು.

"ಇಲಿ ಕಾಟ ಜಾಸ್ತಿಯಾಗಿದೆ," ಎಂದ ಹಿರಿಯ, ಅವಳು ಬಾಗಿಲು ದಾಟಿದ ಮೇಲೆ.

ಅಂದಿನಿಂದ ಅವಳು ಮನೆಮನೆಗೂ ಹೋದಳು. ಉಪವಾಸ ಎಂದವರ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿತ್ತು. ಮೌನವ್ರತ ಎಂದವಳು ಸೊಸೆಯನ್ನು ಪಿಸುಮಾತಿನಲ್ಲಿ ಬೈಯುತ್ತಿದ್ದಳು. ಚರ್ಚಿಗೆ ಮಂಡಿಯೂರಿ ಹೋಗುತ್ತೇನೆಂದು ಹರಕೆ ಹೊತ್ತವನು ಮನೆಯಲ್ಲಿ ಮಂಡಿಗೆ ಹತ್ತಿ ಕಟ್ಟಿಕೊಳ್ಳುತ್ತಿದ್ದ. ಅವಳು ಒಳಗೆ ಬಂದಾಗ ಮೊದಮೊದಲು ಜನ ನಾಚಿದರು, ಪಾತ್ರೆ ಮುಚ್ಚಿದರು. ಒಂದು ವಾರ ಕಳೆಯುವಷ್ಟರಲ್ಲಿ ಅದೂ ನಿಂತಿತು. ಸತ್ತವಳ ಮುಂದೆ ಎಂಥ ನಾಚಿಕೆ? ಅವಳ ಕಣ್ಣೆದುರೇ ತಿಂದರು, ಕಣ್ಣೆದುರೇ ಬೈದಾಡಿದರು, ಬಾಯಿ ಒರೆಸಿಕೊಂಡು ಶಿಲುಬೆ ಹಾದಿಯ ಪ್ರಾರ್ಥನೆಗೆ ಹೊರಟರು. ಅವಳು ಮಾತಾಡಿದಳು, ಕೇಳಿದಳು, ಒಮ್ಮೆ ಕೂಗಿಯೂ ನೋಡಿದಳು. ಅಗಿಯುವ ಸದ್ದು ಬಿಟ್ಟರೆ ಉತ್ತರವಿಲ್ಲ.

ಬ್ರಿಜಿತಮ್ಮ ಮಾತ್ರ ಜಗಲಿಯ ಮೇಲೆ ತಟ್ಟೆಯಲ್ಲಿ ಅನ್ನ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು.

"ಬ್ರಿಜಿ, ಈ ಕಡೆ ನೋಡೆ," ಎಂದಳು ಚೌರಮ್ಮ.

ಬ್ರಿಜಿತಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಿರುಗಲಿಲ್ಲ.

"ಒಂದು ಸಲ ನೋಡಿದರೆ ಸಾಕು. ಅನ್ನ ಬೇಡ."

ತಿರುಗಲಿಲ್ಲ. ಚೌರಮ್ಮ ಆ ತಟ್ಟೆಯನ್ನು ಮುಟ್ಟದೆ ಹೊರಟುಹೋದಳು. ಹಿರಿಯನ ತಟ್ಟೆಯಿಂದ ಕಿತ್ತು ತಿನ್ನುವುದಕ್ಕೆ ಅವಳಿಗೆ ಎಳ್ಳಷ್ಟೂ ಸಂಕೋಚವಾಗಿರಲಿಲ್ಲ. ಮುಖ ತಿರುಗಿಸಿ ಇಟ್ಟ ಈ ಅನ್ನ ಅವಳಿಗೆ ಬೇಡವಾಗಿತ್ತು. ಮರುದಿನವೂ ತಟ್ಟೆ ಇತ್ತು, ಅದರ ಮರುದಿನವೂ ಇತ್ತು. ಕಾಗೆಗಳು ತಿಂದವು.

ಶುಭ ಶುಕ್ರವಾರ ಬಂತು. ಅಂದು, ಊರು ಆ ವರ್ಷ ಯಾರನ್ನು ಬಿಟ್ಟಿತ್ತೋ ಅವರ ಹೆಸರಿನಲ್ಲಿ ಖಾಲಿ ಚಟ್ಟ ಹೊತ್ತು ಬೀದಿ ಸುತ್ತುವುದು ಪದ್ಧತಿ. ಹೆಂಗಸರು ಎದೆ ಬಡಿದುಕೊಂಡು ಅತ್ತರು. "ಎಂಥ ಹೆಂಗಸು, ಚಿನ್ನದಂಥ ಹೆಂಗಸು," ಎಂದರು. ಚೌರಮ್ಮ ಚಟ್ಟದ ಪಕ್ಕದಲ್ಲೇ ನಡೆಯುತ್ತಿದ್ದಳು. ಇಳಿಜಾರಿನಲ್ಲಿ ಹೊತ್ತವನೊಬ್ಬ ಎಡವಿದ, ಚಟ್ಟ ವಾಲಿತು. ಅವಳು ಕೈ ಕೊಟ್ಟು, ಹೆಗಲು ಕೊಟ್ಟು, ಸಮಾಧಿ ನೆಲದವರೆಗೆ ತನ್ನ ಚಟ್ಟವನ್ನು ತಾನೂ ಹೊತ್ತಳು. ಎಡವಿದವನು ಹಗುರಾಯಿತೆಂದು ನಿಟ್ಟುಸಿರು ಬಿಟ್ಟ. ಅತ್ತವರ ಕಣ್ಣೀರು ಮಾತ್ರ ನಿಜವಾದ ನೀರೇ ಆಗಿತ್ತು. ಚೌರಮ್ಮನಿಗೆ ಹೇಸಿಗೆಯಾಗಿದ್ದು ಅದನ್ನು ನೋಡಿ.

ಪಾಸ್ಕ ಹಬ್ಬದ ಬೆಳಗ್ಗೆ ಊರು ಬತ್ತಿ ಹಿಡಿದು ಬಂತು. ಗುರುಗಳ ಕೈಯಲ್ಲಿ ಬಿಳಿ ಸೀರೆಯಿತ್ತು. ಚೌರಮ್ಮ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು. ಇಷ್ಟು ದಿನದ ಮೇಲೆ ಊರು ಅವಳ ಮುಖ ನೋಡಿತು.

"ಎದ್ದು ಬಾರಮ್ಮ," ಎಂದ ಹಿರಿಯ. "ನೀನಿಲ್ಲದೆ ನಾವು ಬದುಕಲಾರೆವು."

"ಬರೋದಿಲ್ಲ."

ಹಾಡಲು ತೆರೆದ ಬಾಯಿಗಳು ಹಾಗೇ ಉಳಿದವು. ಇಂಥ ಉತ್ತರ ಊರು ಯಾವತ್ತೂ ಕೇಳಿರಲಿಲ್ಲ. ಬಿಟ್ಟವರು ಯಾವಾಗಲೂ ಓಡೋಡಿ ಬರುತ್ತಿದ್ದರು, ಕಾಲಿಗೆ ಬೀಳುತ್ತಿದ್ದರು.

"ಬರೋದಿಲ್ಲ ಅಂದರೆ ಹೇಗೆ? ಹಬ್ಬ ಕಣಮ್ಮ."

"ಒಂದು ಮಾತು ಹೇಳಿ, ಬರ್ತೀನಿ. ಅರುಳಪ್ಪಣ್ಣ ಸತ್ತ, ಹಸಿದು ಸತ್ತ, ನಾವು ಹೆಣ ಹೊತ್ತು ಮೆರೆಸಿದೆವು. ಇಷ್ಟು ಹೇಳಿ. ಬೇರೇನೂ ಬೇಡ ನನಗೆ."

ಊರು ಹಿರಿಯನ ಮುಖ ನೋಡಿತು. ಹಿರಿಯ ಗುರುಗಳ ಮುಖ ನೋಡಿದ. ಗುರುಗಳು ಸೀರೆಯ ಅಂಚು ನೋಡಿದರು.

"ಊಟವಾದ ಮೇಲೆ ಕೂತು ಮಾತಾಡೋಣ," ಎಂದ ಹಿರಿಯ.

"ಈಗಲೇ."

"ಜ್ವರ ಬಂದು ತೀರಿಕೊಂಡರು ಅಂತ ಹೇಳಬಹುದು," ಎಂದ ಒಬ್ಬ ಹಿಂದಿನಿಂದ.

"ಜ್ವರ ಬಂದಿರಲಿಲ್ಲ."

"ವಯಸ್ಸಾಗಿತ್ತು ಅನ್ನೋಣ. ಅದು ಸುಳ್ಳಲ್ಲವಲ್ಲ," ಎಂದರು ಗುರುಗಳು ಮೆಲ್ಲಗೆ.

"ಮಣ್ಣು ತಿಂದಿದ್ದಾರೆ, ಸ್ವಾಮಿ. ಒಳಗೆ ಬಂದು ಗೋಡೆ ನೋಡಿ."

ಗುರುಗಳು ಒಳಗೆ ಬರಲಿಲ್ಲ.

ಬಿಸಿಲೇರಿತು. ಬತ್ತಿಗಳು ಕರಗಿ ಬೆರಳಿಗೆ ಅಂಟಿದವು. ಊರಿನ ಕಡೆಯಿಂದ ಗಾಳಿ ಬೀಸಿ, ಕುರಿ ಮಾಂಸದ ವಾಸನೆ ಸಮಾಧಿಗಳ ಮೇಲೆ ಹಾದು ಬಂತು. ಹೊಟ್ಟೆಗಳು ಗುಡುಗುಟ್ಟಿದವು. ಇಡೀ ಊರಿನ ಊಟ ಪೊರಕೆ ಕಟ್ಟುವವಳೊಬ್ಬಳ ಮೇಲೆ ನಿಂತಿತ್ತು. ಅವಳು ಕೇಳಿದ್ದು ಒಂದು ವಾಕ್ಯ. ಅದನ್ನು ಹೇಳಿದ್ದರೆ ನಾಲಿಗೆಯೇನೂ ಸುಡುತ್ತಿರಲಿಲ್ಲ. ಬತ್ತಿ ಒಂದು ಗೇಣು ಉರಿಯುವ ಮೊದಲೇ ಎಲ್ಲರೂ ಎಲೆಯ ಮುಂದೆ ಇರುತ್ತಿದ್ದರು. ಅಷ್ಟು ಹಸಿದಿದ್ದರೂ ಯಾರೂ ಹೇಳಲಿಲ್ಲ.

ದೊಡ್ಡ ಹಿರಿಯನೇ ದಾರಿ ಕಂಡುಹಿಡಿದ. ಗುರುಗಳ ಕೈಯಿಂದ ಸೀರೆ ಕಿತ್ತುಕೊಂಡು ಗುಂಪಿನ ಮೇಲೆ ಕಣ್ಣಾಡಿಸಿದ. ಬ್ರಿಜಿತಮ್ಮ ಮುಂದೆಯೇ ನಿಂತಿದ್ದಳು. ಅವಳಿಗೂ ಚೌರಮ್ಮನಿಗೂ ಎತ್ತರ ಒಂದೇ.

"ಚೌರಮ್ಮ," ಎಂದ ಅವಳಿಗೆ. "ಸೀರೆ ಉಟ್ಟುಕೋ. ಹೊತ್ತಾಯಿತು."

"ನಾನು ಬ್ರಿಜಿತಮ್ಮ," ಎಂದಳು ಅವಳು.

"ಬ್ರಿಜಿತಮ್ಮನಾ? ಯಾರದು?" ಹಿರಿಯ ಅವಳ ಗಂಡನ ಕಡೆ ತಿರುಗಿದ. "ಇವಳು ಯಾರಪ್ಪ?"

ಗಂಡ ತುಂಬ ಹಸಿದಿದ್ದ. "ಚೌರಮ್ಮ," ಎಂದ.

ನಾಲ್ಕು ಹೆಂಗಸರು ಅವಳ ಸೀರೆಯ ಮೇಲೇ ಬಿಳಿ ಸೀರೆ ಸುತ್ತಿದರು. "ಎದ್ದಿದ್ದಾಳೆ," ಎಂದು ಊರು ಒಂದೇ ಗಂಟಲಿನಲ್ಲಿ ಹಾಡಿತು. ಮೆರವಣಿಗೆ ಹೊರಟಿತು. ಬಾಗಿಲಲ್ಲಿ ಕೂತಿದ್ದವಳ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ಅವಳೀಗ ತಪಸ್ಸುಕಾಲ ಮುಗಿದರೂ ಕಾಣದವಳಾಗಿದ್ದಳು.

ಪಂಕ್ತಿಯಲ್ಲಿ ಬ್ರಿಜಿತಮ್ಮನನ್ನು ಮೊದಲಿಗೆ ಕೂರಿಸಿದರು. ತಿನ್ನಮ್ಮ ಚೌರಮ್ಮ, ಇನ್ನೊಂದು ಚೂರು ಹಾಕಿಸಿಕೋ ಚೌರಮ್ಮ ಎಂದರು. ಊಟ ಮುಗಿಸಿ ಮನೆಗೆ ಬಂದಾಗ ಗಂಡ ಜಗಲಿಯ ಮೇಲೆ ಮಲಗಿದ್ದ.

"ನೀವಾದರೂ ಹೆಸರು ಹಿಡಿದು ಕರೀರಿ," ಎಂದಳು.

"ಊರೇ ಹೇಳಿಬಿಟ್ಟಿತಲ್ಲ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಹೆಸರಿನಲ್ಲಿ ಏನಿದೆ? ಒಂದು ಲೋಟ ನೀರು ಕೊಡು, ಚೌರಮ್ಮ."

ಬ್ರಿಜಿತಮ್ಮ ನೀರು ಕೊಟ್ಟಳು. ಆಮೇಲೆ ಒಂದು ಎಲೆಯಲ್ಲಿ ಅನ್ನ ಕಟ್ಟಿಕೊಂಡು, ನಡುಬೀದಿಯಲ್ಲೇ ಸಮಾಧಿ ನೆಲದ ಕಡೆ ನಡೆದಳು.

ಚೌರಮ್ಮ ಗುಡಿಸಲಿನ ಹಿಂದೆ ಇದ್ದಳು. ಶುಕ್ರವಾರದ ಚಟ್ಟವನ್ನು ಬಿಚ್ಚಿ, ಎರಡು ಬಿದಿರನ್ನು ಅಡ್ಡಡ್ಡ ಇಟ್ಟು ಹಗ್ಗ ಬಿಗಿಯುತ್ತಿದ್ದಳು. ಬ್ರಿಜಿತಮ್ಮ ಅವಳೆದುರು ಕೂತು, ಮುಖ ಎತ್ತಿ, ನೋಡಿದಳು. ಬಹಳ ಹೊತ್ತು ನೋಡಿದಳು.

"ಬಡವಾಗಿಬಿಟ್ಟಿದ್ದೀಯ, ಅಕ್ಕ," ಎಂದಳು.

"ಇಲ್ಲವಲ್ಲ. ಹಿರಿಯರ ಮನೆ ಕೋಳಿ ಎಷ್ಟೋ ತಿಂದಿದ್ದೀನಿ."

"ಅರುಳಪ್ಪಣ್ಣ ಹಸಿದು ಸತ್ತ," ಎಂದಳು ಬ್ರಿಜಿತಮ್ಮ. "ಕೆಮ್ಮು ನಿಂತ ದಿನ ನನಗೆ ಗೊತ್ತಾಗಿತ್ತು."

ಚೌರಮ್ಮ ಹಗ್ಗದ ಇನ್ನೊಂದು ತುದಿ ಅವಳ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಗಂಟು ಹಾಕಿದರು. ನೆಲ ಗಟ್ಟಿಯಿತ್ತು. ಹಾರೆ ಇರಲಿಲ್ಲ; ಚೂಪುಗಲ್ಲಿನಿಂದ ಅಗೆದರು. ಬಿಳಿ ಸೀರೆ ಮೊಣಕಾಲಿನವರೆಗೆ ಕೆಂಪು ಮಣ್ಣಾಯಿತು. ಶಿಲುಬೆ ನಿಂತ ಮೇಲೆ ಎಲೆ ಬಿಚ್ಚಿ ಅದರ ಬುಡದಲ್ಲೇ ಕೂತು ಉಂಡರು. ಆ ಊರಿನಲ್ಲಿ ಅಂದು ಪಾಸ್ಕದ ಊಟ ನಡೆದದ್ದು ಅಲ್ಲಿ ಮಾತ್ರ.

ಬ್ರಿಜಿತಮ್ಮ ವಾಪಸು ಹೋಗಲಿಲ್ಲ. ಎದ್ದು ಬಂದ ಚೌರಮ್ಮ ಪರಲೋಕಕ್ಕೆ ಏರಿಹೋದಳು ಎಂದು ಊರು ತೀರ್ಮಾನಿಸಿ, ಅದಕ್ಕೂ ಒಂದು ಸಣ್ಣ ಊಟ ಮಾಡಿತು. ಶಿಲುಬೆಯನ್ನು ಯಾರೂ ನೋಡಲಿಲ್ಲ. ಹೆಣ ಹೊತ್ತು ಬಂದವರೂ ಆ ಮೂಲೆಗೆ ಬೆನ್ನು ಹಾಕಿ ನಿಲ್ಲುವುದು ರೂಢಿಯಾಯಿತು.

ಇಬ್ಬರೂ ಹೆಂಗಸರು ಗುಡಿಸಲಿನಲ್ಲಿ ಒಲೆ ಹೂಡಿದರು. ಅಕ್ಕಿ ಬೇಕಾದಾಗ ಊರೊಳಗೆ ಹೋಗಿ, ಯಾರ ಮನೆಯ ಮಡಕೆಯಿಂದಾದರೂ ತುಂಬಿಕೊಂಡು ಬರುತ್ತಿದ್ದರು. ಮುಂದಿನ ತಪಸ್ಸುಕಾಲದಲ್ಲಿ ಊರು ಒಬ್ಬ ಕುರುಡನನ್ನು ಬಿಟ್ಟಿತು. ಅವನು ತಡವರಿಸುತ್ತ ಬಂದಾಗ ಒಲೆ ಉರಿಯುತ್ತಿತ್ತು, ಅನ್ನ ಬಿಸಿಯಿತ್ತು. ಅದರ ಮುಂದಿನ ವರ್ಷ ಒಬ್ಬ ಹುಚ್ಚಿ ಬಂದಳು. ಬಿಟ್ಟವರು ಹಬ್ಬಕ್ಕೆ ಮೈ ತುಂಬಿಕೊಂಡು ಬರುವುದನ್ನು ನೋಡಿ ಊರು ಹೆಮ್ಮೆಪಟ್ಟಿತು. ಎಲ್ಲ ನಮ್ಮ ಉಪವಾಸದ ಫಲ ಎಂದಿತು.

ದೊಡ್ಡ ಹಿರಿಯ ಮುದುಕನಾದ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದ. ಸಭೆಗಳು ಉದ್ದವಾದವು. ಒಂದು ಬೂದಿ ಬುಧವಾರ ಊರು ಅವನ ಮುಂದೆ ಸಾಲಾಗಿ ನಿಂತು, ನೀವಿಲ್ಲದೆ ನಾವು ಬದುಕಲಾರೆವು ಎಂದಿತು. ಅವನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುಡಿಸಲಿಗೆ ಬಂದವನು ಚೌರಮ್ಮನನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತು. ಕಣ್ಣು ಸೇರಿತ್ತು. ಆಮೇಲೆ ಅವನು ಗೋಡೆಗೆ ಮುಖ ಮಾಡಿ ಕೂತ. ಅನ್ನದ ತಟ್ಟೆ ಪಕ್ಕದಲ್ಲಿಟ್ಟರೂ ಮುಟ್ಟಲಿಲ್ಲ. ತಟ್ಟೆ ಕಂಡರೆ ಇಟ್ಟವಳೂ ಕಂಡಂತೆ; ಅವಳು ಕಂಡರೆ ಅರುಳಪ್ಪನೂ ಕಂಡಂತೆ. ಅವನು ಹಸಿದುಕೊಂಡೇ ಇದ್ದ. ದಿನಗಳು ಹೋದವು.

"ಸಾಯ್ತಾನೆ ಅಕ್ಕ ಇವನು," ಎಂದಳು ಬ್ರಿಜಿತಮ್ಮ.

"ಹೂಂ," ಎಂದಳು ಚೌರಮ್ಮ. ಗೋಡೆಯ ಹತ್ತಿರ ಹೋಗಿ ಕೂತಳು. "ಹಿರಿಯರೇ, ಅರುಳಪ್ಪಣ್ಣ ಏನಾದ್ರು?"

ಅವನು ಗೋಡೆಗೆ ಇನ್ನಷ್ಟು ಸರಿದ. ಗೋಡೆಯ ಮೇಲೆ ಹಳೆಯ ಉಗುರಿನ ಗುರುತು ಅವನ ಮೂಗಿನ ಮುಂದೆಯೇ ಇತ್ತು. ಚೌರಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅನ್ನ ಕಲಸಿ, ತುತ್ತು ಮಾಡಿ, ಅವನ ಬಾಯಿಗೆ ಹಿಡಿದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ಬಾಯಿ ತೆರೆಯಿತು.

ಅವಳಿಗೆ ಅವನ ಮೇಲೆ ಕರುಣೆ ಬಂದಿರಲಿಲ್ಲ. ಅವನನ್ನು ಕಂಡರೆ ಅವಳಿಗೆ ಮೊದಲಿನಷ್ಟೇ ಹೇಸಿಗೆ. ಅನ್ನ ಇತ್ತು, ಅವನು ಹಸಿದಿದ್ದ, ಅಷ್ಟೇ.

"ಉಪ್ಪು ಕಮ್ಮಿ," ಎಂದ ಹಿರಿಯ, ಗೋಡೆಗೆ.

ಬ್ರಿಜಿತಮ್ಮ ಉಪ್ಪಿನ ಭರಣಿ ತಂದಳು.

ಹಬ್ಬದ ಬೆಳಗ್ಗೆ ಅವನು ಬಿಳಿ ಬಟ್ಟೆ ಉಟ್ಟು, ಕೆನ್ನೆ ತುಂಬಿಕೊಂಡು ಊರಿಗೆ ಹೋದ. ಪಂಕ್ತಿಯಲ್ಲಿ ಕೂತು, ಗುಡಿಸಲಿನಲ್ಲಿ ತನಗೆ ದೇವದೂತರು ಉಣ್ಣಿಸಿದರೆಂದು ಹೇಳಿದ. ಇಬ್ಬರಿದ್ದರು, ರೆಕ್ಕೆ ಇದ್ದವು, ಬೆಳಕು ತಾಳಲಾರದೆ ತಾನು ಕಣ್ಣು ಮುಚ್ಚಿಕೊಂಡೆ ಎಂದ. ಊರು ಅತ್ತಿತು. ಗುರುಗಳು ಅದನ್ನೇ ಮುಂದಿನ ಭಾನುವಾರದ ಪ್ರಸಂಗ ಮಾಡಿದರು.

ಅಕ್ಕಿಗೆಂದು ಊರೊಳಗೆ ಹೋಗಿದ್ದ ಬ್ರಿಜಿತಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡು ಬಂದಳು. ಹೇಳುತ್ತ ಹೇಳುತ್ತ ನಕ್ಕು ನೆಲಕ್ಕೆ ಕೂತುಬಿಟ್ಟಳು.

"ರೆಕ್ಕೆ ಇದ್ದವಂತೆ ಅಕ್ಕ ನಮಗೆ."

ಚೌರಮ್ಮ ನಗಲಿಲ್ಲ. ಅವಳು ತಂದ ಚೀಲವನ್ನು ಮೊರದಲ್ಲಿ ಸುರಿದುಕೊಂಡಳು.

"ಕಲ್ಲು ಜಾಸ್ತಿ ಇದೆ ಇದರಲ್ಲಿ," ಎಂದಳು. "ಯಾರ ಮನೆಯದು?"